ಹಿರೇಮಣಿಯ ಪಾಠ: ಮರಳಿನಿಂದ ಪರದೆಯವರೆಗೆ

ಶ್ರೀಮಠದ ಪ್ರಸಾದನಿಲಯದಲ್ಲಿ ಅನ್ನವುಂಡು ಅಕ್ಷರ ಕಲಿತು ಹೊರಬಂದ ನಮ್ಮಂಥವರು ನಾಲ್ವರು ಒಂದೆಡೆ ಸೇರಿದರೆ ಮಾತು ತಿರುಗಿ ತಿರುಗಿ ರಾತ್ರಿಯ ಓದಿನ ಹೊತ್ತಿಗೆ ಬಂದು ನಿಲ್ಲುವುದು ವಾಡಿಕೆ. ಹಗಲು ಶಾಲೆಯಲ್ಲಿ ಪಾಠ ಹೇಳಿದ ಉಪಾಧ್ಯಾಯರಲ್ಲಿ ಕೆಲವರ ಹೆಸರು ನಮಗೆ ಮರೆತುಹೋಗಿರಬಹುದು. ಆದರೆ ಪ್ರಾರ್ಥನೆ ಮುಗಿದು ಪ್ರಸಾದವಾದ ಮೇಲೆ ಕಂದೀಲಿನ ಸುತ್ತ ನಾಲ್ಕೈದು ಮಂದಿ ಚಿಕ್ಕವರನ್ನು ಕೂರಿಸಿಕೊಂಡು ಭಿನ್ನರಾಶಿಯ ಲೆಕ್ಕವನ್ನು ಬಿಡಿಸಿ ತೋರಿಸಿದ ಮೇಲಿನ ತರಗತಿಯ ಅಣ್ಣನ ಹೆಸರನ್ನು ಮರೆತವರನ್ನು ನಾನು ಕಂಡಿಲ್ಲ. ನನಗೆ ಕಲಿಸಿದಾತ ಎಸ್.ಎಸ್.ಎಲ್.ಸಿ. ತರಗತಿಯವನು, ನಾನು ಆರನೆಯ ತರಗತಿ. ನಾನು ತಪ್ಪಿದಾಗ ಆತ ಬೈಯುತ್ತಿರಲಿಲ್ಲ. "ನಾನೂ ಇಲ್ಲಿಯೇ ತಪ್ಪಿದ್ದೆನಪ್ಪ" ಎನ್ನುತ್ತಿದ್ದ. ಆ ಒಂದು ಮಾತನ್ನು ಹೇಳುವ ಅಧಿಕಾರ ನಮ್ಮ ಗಣಿತದ ಮೇಷ್ಟರಿಗೆ ಇರಲಿಲ್ಲವೆಂಬುದು ನನಗೆ ಬಹಳ ವರ್ಷಗಳ ತರುವಾಯ ಹೊಳೆಯಿತು. ಅವರು ತಪ್ಪಿದ್ದ ಕಾಲ ಅವರಿಗೇ ನೆನಪಿರಲಿಲ್ಲ.

ಈಚಿನ ಕೆಲವು ವರ್ಷಗಳಿಂದ ನಮ್ಮ ನಿಲಯದಲ್ಲಿ ಓದಿ ಈಗ ಕಾಲೇಜುಗಳಲ್ಲಿರುವ ಹುಡುಗರು ಹುಡುಗಿಯರು ಕೆಲವರು ಸಂಜೆಯ ಹೊತ್ತು ಅಂತರ್ಜಾಲದ ಮೂಲಕ ಇಲ್ಲಿಯ ಕಿರಿಯ ಮಕ್ಕಳಿಗೆ ಪಾಠ ಹೇಳುತ್ತಿರುವುದು ಭಕ್ತರಲ್ಲಿ ಅನೇಕರಿಗೆ ತಿಳಿದ ಸಂಗತಿ. ಇದನ್ನು ಕಂಡು ಕೆಲವರು "ಮಕ್ಕಳು ಮಕ್ಕಳಿಗೆ ಏನು ಕಲಿಸಿಯಾರು?" ಎಂದು ಮೂಗು ಮುರಿದರು. ಮತ್ತೆ ಕೆಲವರು ಉತ್ಸಾಹದಿಂದ, "ಇನ್ನು ಉಪಾಧ್ಯಾಯರ ಕೊರತೆಯೇ ಇಲ್ಲ, ಒಬ್ಬ ಜಾಣ ಹುಡುಗನನ್ನು ಪರದೆಯ ಮುಂದೆ ಕೂರಿಸಿದರೆ ನೂರು ಹಳ್ಳಿಗೆ ಪಾಠವಾಯಿತು" ಎಂದರು. ಇವೆರಡೂ ಹೊಸ ಮಾತುಗಳಲ್ಲ. ಇನ್ನೂರು ವರ್ಷಗಳ ಹಿಂದೆಯೇ ಇವನ್ನು ಆಡಿ, ವಾದಿಸಿ, ಪ್ರಯೋಗಿಸಿ ನೋಡಿದ್ದಾಗಿದೆ. ಆ ಚರಿತ್ರೆಯ ಒಂದು ತುದಿ ನಮ್ಮ ಬಳ್ಳಾರಿಯಲ್ಲಿ, ಇನ್ನೊಂದು ಲಂಡನ್ನಿನಲ್ಲಿ ಇದೆ. ಅದನ್ನು ಅರಿಯದೆ ಪರದೆಯ ಮುಂದೆ ಕುಳಿತರೆ ಹಿಂದಿನವರು ಎಡವಿದ ಕಲ್ಲನ್ನೇ ನಾವೂ ಎಡವಬೇಕಾದೀತು. ಎಡವಿದ್ದೂ ಉಂಟು, ಅದನ್ನು ಮುಂದೆ ಹೇಳುತ್ತೇನೆ.

ಮೊದಲಿಗೆ, ನಮ್ಮ ನಾಡಿನಲ್ಲಿ ಕಣ್ಣಾರೆ ಕಂಡು ಬರೆದಿಟ್ಟ ಒಬ್ಬ ಪರದೇಶಿಯ ಸಾಕ್ಷ್ಯವನ್ನು ನೋಡೋಣ. ೧೬೨೩ರಲ್ಲಿ ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಪ್ರವಾಸಿ ಗೋವೆಯ ಪೋರ್ಚುಗೀಸರ ರಾಯಭಾರಿಯೊಡನೆ ಹೊನ್ನಾವರ, ಗೇರುಸೊಪ್ಪೆಗಳ ಮಾರ್ಗವಾಗಿ ಘಟ್ಟವನ್ನೇರಿ ಇಕ್ಕೇರಿಗೆ ಬಂದನು. ಆಗ ಅಲ್ಲಿ ಕೆಳದಿ ಮನೆತನದ ವೆಂಕಟಪ್ಪನಾಯಕನ ಆಳಿಕೆ. ದಾರಿಯಲ್ಲಿ ಒಂದು ದೇವಸ್ಥಾನದ ಮೊಗಸಾಲೆಯಲ್ಲಿ ತಂಗಿದ್ದಾಗ ಆತ ನಾಲ್ವರು ಹುಡುಗರು ಅಂಕಗಣಿತವನ್ನು ಕಲಿಯುತ್ತಿದ್ದುದನ್ನು ಕಂಡನು. ನೆಲದ ಮೇಲೆ ನುಣ್ಣನೆಯ ಮರಳನ್ನು ಹರಡಿದ್ದರು. ಒಬ್ಬನು ರಾಗವಾಗಿ ಪಾಠದ ಒಂದು ಭಾಗವನ್ನು ಹಾಡುತ್ತ ಅದನ್ನೇ ಬೆರಳಿನಿಂದ ಮರಳಿನಲ್ಲಿ ಬರೆಯುವನು; ಉಳಿದವರೂ ಹಾಡುತ್ತ ಬರೆಯುವರು. ನೆಲ ತುಂಬಿದರೆ ಅಳಿಸಿ ಮತ್ತೆ ಮರಳು ಚೆಲ್ಲುವರು. ಹತ್ತಿರದಲ್ಲಿ ಗುರುವೆಂಬುವನಿಲ್ಲ. ದೆಲ್ಲಾ ವಾಲ್ಲೆಗೆ ಸಂಶಯ ಬಂದು, ಮರೆತರೆ ನಿಮ್ಮನ್ನು ತಿದ್ದುವವರು ಯಾರು ಎಂದು ಕೇಳಿಸಿದನು. ನಾಲ್ವರೂ ಒಂದೇ ಕಡೆ ಮರೆಯುವುದು ಹೇಗೆ ಸಾಧ್ಯ ಎಂದು ಆ ಮಕ್ಕಳು ಉತ್ತರ ಕೊಟ್ಟರು. ದೇಶ ದೇಶಗಳನ್ನು ಸುತ್ತಿ ಬಂದಿದ್ದ ಆ ಮನುಷ್ಯ ಈ ಉತ್ತರವನ್ನು ಮೆಚ್ಚಿಕೊಂಡು, ಇದು ಸುಲಭವೂ ಭದ್ರವೂ ಆದ ಕಲಿಕೆಯ ಬಗೆಯೆಂದು ತನ್ನ ಪತ್ರದಲ್ಲಿ ಬರೆದನು.

ಆ ನಾಲ್ವರ ಹೆಸರು ನಮಗೆ ಸಿಕ್ಕುವಂತಿಲ್ಲ. ಅವರ ಉತ್ತರ ಮಾತ್ರ ನಾಲ್ಕು ನೂರು ವರ್ಷ ಬಾಳಿದೆ. ಅವರು ಗುರು ಬೇಡವೆನ್ನಲಿಲ್ಲ. ಗುರು ಎದ್ದುಹೋದ ಹೊತ್ತಿನಲ್ಲಿಯೂ ಕಲಿಕೆ ನಿಲ್ಲಬೇಕಾಗಿಲ್ಲವೆಂದರು. ಈ ಭೇದವನ್ನು ಮರೆತದ್ದರಿಂದಲೇ ಮುಂದೆ ಪರದೇಶದಲ್ಲಿ ಅನರ್ಥವಾಯಿತು.

ಇನ್ನು ನಮ್ಮ ಹಳ್ಳಿಯ ಶಾಲೆಗಳ ವಿಷಯ. ಇವುಗಳಿಗೆ ಕೂಲಿಮಠವೆಂಬ ಹೆಸರಿದ್ದುದನ್ನು ಹಿರಿಯರು ಬಲ್ಲರು. ಮಠದ ಪಡಸಾಲೆಯಲ್ಲಿ, ಗುಡಿಯ ಕಟ್ಟೆಯಲ್ಲಿ, ಗೌಡರ ಮನೆಯ ಜಗಲಿಯಲ್ಲಿ ಐಗಳು ಪಾಠ ಹೇಳುತ್ತಿದ್ದರು. ಮಕ್ಕಳ ತಂದೆತಾಯಿಗಳು ತಿಂಗಳಿಗಿಷ್ಟು ಹಣವನ್ನೋ ಕಾಳನ್ನೋ ಕೊಡುತ್ತಿದ್ದರು. ನಮ್ಮ ಕಡೆ ಎಷ್ಟೋ ಊರುಗಳಲ್ಲಿ 'ಮಠ' ಎಂಬ ಶಬ್ದಕ್ಕೇ ಶಾಲೆಯೆಂಬ ಅರ್ಥ ಬಂದದ್ದು ಹೀಗೆ. ಐಗಳು ಒಬ್ಬರೇ, ಮಕ್ಕಳು ಹತ್ತರಿಂದ ಮೂವತ್ತು. ಓನಾಮ ತಿದ್ದುವವನಿಂದ ಪುರಾಣ ಓದುವವನವರೆಗೆ ಎಲ್ಲರೂ ಒಂದೇ ಪಡಸಾಲೆಯಲ್ಲಿ. ಆದುದರಿಂದ ಹಿರಿಯ ಹುಡುಗನೊಬ್ಬನು ಕಿರಿಯರನ್ನು ನೋಡಿಕೊಳ್ಳುವುದು ಅಲ್ಲಿ ಅನಿವಾರ್ಯವೇ ಆಗಿತ್ತು. ಆತನಿಗೆ ಹಿರೇಮಣಿಯೆಂದು ಹೆಸರು. ನಮ್ಮ ಬಾಲ್ಯದಲ್ಲಿ ಈ ಮಾತು ಹಾಸ್ಯಕ್ಕೆ ಮಾತ್ರ ಉಳಿದಿತ್ತು. ಅಧಿಕಪ್ರಸಂಗಿ ಹುಡುಗನನ್ನು "ಏನು ಹಿರೇಮಣಿಗಳು" ಎಂದು ಕೆಣಕುತ್ತಿದ್ದರು.

ಈ ಶಾಲೆಗಳ ಒಳಗಿನ ನಡವಳಿಕೆ ನಮಗೆ ವಿವರವಾಗಿ ತಿಳಿದಿರುವುದು ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ಲನ ವರದಿಯಿಂದ. ಮದರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ ೧೮೨೨ರಲ್ಲಿ ಪ್ರತಿ ಜಿಲ್ಲೆಯಿಂದಲೂ ಶಾಲೆಗಳ ಲೆಕ್ಕ ಕೇಳಿದನು. ಹಲವು ಕಲೆಕ್ಟರರು ಪಟ್ಟಿ ತುಂಬಿ ಕಳುಹಿಸಿ ಕೈತೊಳೆದುಕೊಂಡರು. ತೆಲುಗು ವ್ಯಾಕರಣವನ್ನು ಬರೆದಿದ್ದ ವಿದ್ವಾಂಸನಾದ ಕ್ಯಾಂಬೆಲ್ ಮಾತ್ರ ಶಾಲೆಯ ಬಾಗಿಲೊಳಗೆ ನಮ್ಮನ್ನು ಕರೆದೊಯ್ಯುತ್ತಾನೆ. ವರದಿಯ ತಾರೀಖು ೧೮೨೩ರ ಆಗಸ್ಟ್ ೧೭. ಅಂದಿನ ಬಳ್ಳಾರಿ ಜಿಲ್ಲೆ ಇಂದಿನದಕ್ಕಿಂತ ಬಹಳ ದೊಡ್ಡದು. ಈಗ ಆಂಧ್ರಕ್ಕೆ ಸೇರಿದ ಭಾಗಗಳೂ ಅದರಲ್ಲಿದ್ದವು. ಒಟ್ಟು ೫೩೩ ವಿದ್ಯಾಸ್ಥಾನಗಳು. ಅವುಗಳಲ್ಲಿ ಕನ್ನಡದವು ೨೩೫, ತೆಲುಗಿನವು ೨೨೬. ಓದುವವರ ಸಂಖ್ಯೆ ೬,೬೪೧.

ಆ ಶಾಲೆಯ ದಿನ ಬೆಳಗಿನ ಆರು ಗಂಟೆಗೆ ಆರಂಭ. ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುವರು. ಎರಡನೆಯವನ ಕೈಯಲ್ಲಿ ಸೊನ್ನೆ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆಯ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತ ಹೋಗುವುದು. ಕಡೆಗೆ ಬಂದವನ ಪಾಡು ಓದುಗರ ಊಹೆಗೆ ಬಿಟ್ಟದ್ದು. ಎಲ್ಲರೂ ಸೇರಿದ ಬಳಿಕ ಮಕ್ಕಳನ್ನು ಸಾಮಾನ್ಯವಾಗಿ ನಾಲ್ಕು ವರ್ಗಗಳಾಗಿ ಮಾಡುವರು. ಕೆಳಗಿನ ವರ್ಗಗಳು ಒಂದು ಮಟ್ಟಿಗೆ ಹಿರಿಯ ಹುಡುಗರ ವಶ. ಮೇಲಿನವು ಐಗಳ ವಶ. ಆದರೆ, ಇಲ್ಲಿ ಕ್ಯಾಂಬೆಲ್ ಒಂದು ಸಣ್ಣ ಮಾತನ್ನು ಸೇರಿಸುತ್ತಾನೆ, ಐಗಳ ಕಣ್ಣು ಯಾವಾಗಲೂ ಇಡೀ ಶಾಲೆಯ ಮೇಲೆ ಇರುವುದು. ನನ್ನ ಎಣಿಕೆಯಲ್ಲಿ ಇಡೀ ವರದಿಯ ಹೃದಯವಿರುವುದು ಈ ಮಾತಿನಲ್ಲಿ.

ಬರೆಯಲು ಮೊದಲು ಮರಳು; ಕೈ ಕುದುರಿದ ಮೇಲೆ ಹಲಗೆ, ಕಡತ. ಮೂರು ಅಡಿ ಉದ್ದದ ಹಲಗೆಗೆ ಅನ್ನ ಮತ್ತು ಇದ್ದಿಲ ಪುಡಿ ಬಳಿದರೆ ಅದೇ ಪಾಟಿ. ಬಟ್ಟೆಗೆ ಗಂಜಿ ಹಾಕಿ ಪುಸ್ತಕದಂತೆ ಮಡಿಸಿ ಇದ್ದಿಲು, ಅಂಟುಗಳ ಲೇಪ ಕೊಟ್ಟರೆ ಅದೇ ಕಡತ. ಒದ್ದೆ ಬಟ್ಟೆಯಿಂದ ಒರೆಸಿದರೆ ಮತ್ತೆ ಹೊಸದು. ಲಿಂಗವಂತರ ಮಕ್ಕಳು ಓದುತ್ತಿದ್ದ ಗ್ರಂಥಗಳ ಹೆಸರನ್ನೂ ಆತ ಕೊಟ್ಟಿದ್ದಾನೆ. ಬಸವಪುರಾಣ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣಗಳು ಆ ಪಟ್ಟಿಯಲ್ಲಿವೆ. ಇಂಗ್ಲಿಷ್ ಲಿಪಿಯಲ್ಲಿ ಈ ಹೆಸರುಗಳು ಎಷ್ಟು ಕುಲಗೆಟ್ಟಿವೆಯೆಂದರೆ ಎರಡು ಮೂರು ಬಾರಿ ಗಟ್ಟಿಯಾಗಿ ಓದಿಕೊಂಡ ಮೇಲೆಯೇ ನನಗೆ ಗುರುತು ಸಿಕ್ಕಿತು.

ಮುಂದುವರಿದ ಹುಡುಗರಿಂದ ಹಿಂದುಳಿದವರಿಗೆ ಪಾಠ ಹೇಳಿಸುವುದರಿಂದ ಹೇಳುವವನ ವಿದ್ಯೆಯೂ ಗಟ್ಟಿಯಾಗುವುದೆಂದು ಕ್ಯಾಂಬೆಲ್ ಮೆಚ್ಚಿ ಬರೆದನು. ಇಂಗ್ಲೆಂಡಿನವರು ಇದನ್ನು ಅನುಕರಿಸಿದ್ದು ತಕ್ಕುದೇ ಎಂದನು. ನಮ್ಮವರು ಸಭೆಗಳಲ್ಲಿ ಎತ್ತಿ ಹೇಳುವುದು ಇದನ್ನೇ. ಧರಂಪಾಲರು ೧೯೮೩ರಲ್ಲಿ ಈ ವರದಿಗಳನ್ನೆಲ್ಲ ಗ್ರಂಥವಾಗಿ ಪ್ರಕಟಿಸಿದ ಮೇಲಂತೂ ಈ ಹೆಮ್ಮೆಗೆ ಆಧಾರ ದೊರೆಯಿತು. ಹೆಮ್ಮೆ ತಪ್ಪಲ್ಲ. ಆದರೆ ವರದಿಯ ಉಳಿದ ಪುಟಗಳನ್ನೂ ಓದಬೇಕು. ಮಕ್ಕಳು ಅರ್ಥವರಿಯದೆ ಗಿಳಿಪಾಠ ಒಪ್ಪಿಸುವರೆಂದು ಕ್ಯಾಂಬೆಲ್ ಅದರಲ್ಲಿಯೇ ದೂರಿದ್ದಾನೆ. ಜನರು ಬಡವಾಗುತ್ತಿದ್ದಾರೆ, ನೇಯ್ಗೆಯ ಕಸುಬು ಇಂಗ್ಲಿಷ್ ಬಟ್ಟೆಯಿಂದ ಕುಸಿಯಿತು, ಮೊದಲು ಶಾಲೆಗಳಿದ್ದ ಊರುಗಳಲ್ಲಿ ಈಗ ಇಲ್ಲವೆಂದೂ, ಇರುವ ೫೩೩ರಲ್ಲಿ ಒಂದಕ್ಕೂ ಸರ್ಕಾರದ ನೆರವಿಲ್ಲವೆಂದು ಹೇಳಲು ತನಗೇ ನಾಚಿಕೆಯೆಂದೂ ಒಪ್ಪಿಕೊಂಡಿದ್ದಾನೆ. ಕೊನೆಯದಾಗಿ ಇನ್ನೊಂದು ಅಂಕಿ: ಆ ೬,೬೪೧ ಮಕ್ಕಳಲ್ಲಿ ಹೆಣ್ಣುಮಕ್ಕಳು ೬೦. ಸ್ತ್ರೀಯರಿಗೆ ಅನುಭವಮಂಟಪದಲ್ಲಿ ಆಸನವಿತ್ತೆಂದು ಹೇಳಿಕೊಳ್ಳುವ ನಮಗೆ ಕೂಲಿಮಠದ ಪಡಸಾಲೆಯಲ್ಲಿ ಅವರಿಗೆ ಜಾಗ ಕೊಡಲಾಗಲಿಲ್ಲ. ಹಿರೇಮಣಿಯಿದ್ದ, ಹಿರೇಮಣಿಯಂತಹ ಅಕ್ಕನಿರಲಿಲ್ಲ.

ಇನ್ನು ಈ ಪದ್ಧತಿ ಸಮುದ್ರ ದಾಟಿದ ಕಥೆ. ಸ್ಕಾಟ್ಲೆಂಡಿನ ಪಾದ್ರಿ ಆಂಡ್ರ್ಯೂ ಬೆಲ್ ೧೭೮೭ರಲ್ಲಿ ಮದರಾಸಿಗೆ ಬಂದು ೧೭೮೯ರಲ್ಲಿ ಎಗ್ಮೋರಿನ ಅನಾಥ ಬಾಲಕರ ಆಶ್ರಮದ ಮೇಲ್ವಿಚಾರಕನಾದನು. ಸಿಪಾಯಿಗಳಾಗಿ ಬಂದ ಬಿಳಿಯರಿಗೂ ಈ ದೇಶದ ಹೆಂಗಸರಿಗೂ ಹುಟ್ಟಿದ ಮಕ್ಕಳೇ ಅಲ್ಲಿ ಹೆಚ್ಚು. ಒಂದು ಬೆಳಗ್ಗೆ ಕುದುರೆಯ ಮೇಲೆ ಹೋಗುತ್ತಿದ್ದಾಗ ಬೆಲ್ ಒಂದು ದೇಶೀ ಶಾಲೆಯ ಮಕ್ಕಳು ಮರಳಿನಲ್ಲಿ ಅಕ್ಷರ ತಿದ್ದುತ್ತಿದ್ದುದನ್ನು ಕಂಡನು. ತನ್ನ ಆಶ್ರಮದಲ್ಲಿಯೂ ಹೀಗೆಯೇ ಮಾಡಿರೆಂದರೆ ಅಲ್ಲಿಯ ಬಿಳಿಯ ಉಪಾಧ್ಯಾಯರು ಒಪ್ಪಲಿಲ್ಲ. ಆಗ ಬೆಲ್ ಜಾನ್ ಫ್ರಿಸ್ಕನ್ ಎಂಬ ಎಂಟು ವರ್ಷದ ಹುಡುಗನನ್ನು ಕರೆದು ಅಕ್ಷರಾಭ್ಯಾಸದ ತರಗತಿಯನ್ನು ಆತನಿಗೆ ಒಪ್ಪಿಸಿದನು. ಉಪಾಧ್ಯಾಯನು ಆಗದೆಂದದ್ದನ್ನು ಹುಡುಗ ಮಾಡಿ ತೋರಿಸಿದನು. ಆಮೇಲೆ ಒಂದೊಂದೇ ತರಗತಿಗೆ ಹುಡುಗರೇ ಉಪಾಧ್ಯಾಯರಾದರು. ೧೭೯೬ರಲ್ಲಿ ಬೆಲ್ ಸ್ವದೇಶಕ್ಕೆ ಮರಳಿ ಮರುವರ್ಷ ಲಂಡನ್ನಿನಲ್ಲಿ ಈ ಪ್ರಯೋಗದ ವಿವರವನ್ನು ಅಚ್ಚು ಹಾಕಿಸಿದನು. ಮುಂದೆ ಅದಕ್ಕೆ ಮದರಾಸು ಪದ್ಧತಿಯೆಂದೇ ಹೆಸರಾಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮರಳಿನ ಬರವಣಿಗೆಯನ್ನು ದೇಶೀ ಶಾಲೆಯಿಂದ ಪಡೆದೆನೆಂದು ಬೆಲ್ ಒಪ್ಪುತ್ತಾನೆ; ಹುಡುಗರಿಂದ ಪಾಠ ಹೇಳಿಸುವುದು ಮಾತ್ರ ತನ್ನ ಸ್ವಂತ ಶೋಧವೆಂದು ಸಾಧಿಸುತ್ತಾನೆ. ನಿತ್ಯ ನಮ್ಮ ಜಗಲಿಗಳ ಮೇಲೆ ನಡೆಯುತ್ತಿದ್ದುದನ್ನು ಆತ ಕಂಡಿರಲಿಲ್ಲವೆಂದು ನಂಬುವುದು ಕಷ್ಟ. ಆದರೂ ಕಂಡೇ ಕದ್ದನೆಂದು ಹೇಳಲು ನಮ್ಮ ಕೈಯಲ್ಲಿ ಪುರಾವೆಯಿಲ್ಲ. ಹುಡುಗರು ಹುಡುಗರಿಗೆ ಕಲಿಸುವುದು ಯಾವುದೇ ಒಂದು ದೇಶದ ಸ್ವತ್ತೂ ಅಲ್ಲ. ತಮಾಷೆಯೆಂದರೆ, ಲಂಡನ್ನಿನಲ್ಲಿ ೧೭೯೮ರಲ್ಲಿ ಬಡಮಕ್ಕಳ ಶಾಲೆ ತೆರೆದ ಜೋಸೆಫ್ ಲ್ಯಾಂಕಾಸ್ಟರ್ ಎಂಬ ತರುಣನೂ ಇದು ನನ್ನದೆಂದನು. ಇಬ್ಬರ ಬೆಂಬಲಿಗರೂ ಎರಡು ಪಂಗಡವಾಗಿ ವರ್ಷಗಟ್ಟಲೆ ಕಾದಾಡಿದರು. ಜಗಳ ಹತ್ತಿದ ಆಸ್ತಿಯ ಒಡೆಯನಾದ ಹಳ್ಳಿಯ ಹಿರೇಮಣಿಯನ್ನು ಯಾರೂ ಸಾಕ್ಷಿಗೆ ಕರೆಯಲಿಲ್ಲ.

ಅಲ್ಲಿ ಈ ಪದ್ಧತಿಗೆ ಏನಾಯಿತೆಂಬುದೇ ನಮಗೆ ಮುಖ್ಯ. ಅದು ಕಾರ್ಖಾನೆಗಳ ಕಾಲ. ಬಡಮಕ್ಕಳ ಸಂಖ್ಯೆ ಅಪಾರ, ಹಣ ಕೊಡಲು ಯಾರಿಗೂ ಮನಸ್ಸಿಲ್ಲ. ಒಬ್ಬ ಉಪಾಧ್ಯಾಯನಿಂದ ಸಾವಿರ ಮಕ್ಕಳಿಗೆ ಪಾಠ ಹೇಳಿಸಬಹುದೆಂದು ಲ್ಯಾಂಕಾಸ್ಟರ್ ಸಾರಿದಾಗ ದೊರೆಗಳಿಂದ ಹಿಡಿದು ವರ್ತಕರವರೆಗೆ ಎಲ್ಲರಿಗೂ ಅದು ಅಮೃತವಾಗಿ ಕೇಳಿಸಿತು. ದೊಡ್ಡ ಕೊಟ್ಟಿಗೆಯಂತಹ ಕೋಣೆ. ಸಾಲು ಸಾಲು ಬೆಂಚು. ಸಾಲಿಗೊಬ್ಬ ಬಿಲ್ಲೆ ತೊಟ್ಟ ಹುಡುಗ. ಸನ್ನೆಗೆ ಎದ್ದು, ಸನ್ನೆಗೆ ಕುಳಿತು, ಒಟ್ಟಿಗೆ ಅಕ್ಷರ ಕೂಗುವ ಮಕ್ಕಳು. ಮಾತಾಡಿದವನ ಕೊರಳಿಗೆ ಮರದ ತುಂಡು. ಹೆಚ್ಚು ತುಂಟನನ್ನು ಬುಟ್ಟಿಯಲ್ಲಿ ಕೂರಿಸಿ ಮಾಡಿಗೆ ತೂಗುಹಾಕುವುದು. ನಮ್ಮ ಐಗಳ ಕೋದಂಡವನ್ನು ನೆನೆದರೆ ನಾವೇನೂ ಎದೆ ತಟ್ಟಿಕೊಳ್ಳುವಂತಿಲ್ಲ. ಆದರೆ ಬೇರೊಂದು ವ್ಯತ್ಯಾಸವಿದೆ. ಕೂಲಿಮಠದ ಹಿರೇಮಣಿಗೆ ತನ್ನ ಮುಂದೆ ಕುಳಿತ ನಾಲ್ಕೈದು ಹುಡುಗರ ಮನೆ ಗೊತ್ತು, ತಾಯಿ ಗೊತ್ತು, ಯಾವ ಅಕ್ಷರದಲ್ಲಿ ಅವನ ಬೆರಳು ಹೊರಳುವುದಿಲ್ಲವೆಂಬುದು ಗೊತ್ತು. ಲಂಡನ್ನಿನ ಬಿಲ್ಲೆಯ ಹುಡುಗನಿಗೆ ಸಾಲಿನ ಅಂಕೆ ಮಾತ್ರ ಗೊತ್ತು. ಅವನ ಮೇಲೆ ಕಣ್ಣಿಟ್ಟಿರಬೇಕಾದ ಗುರುವು ಸಾವಿರ ತಲೆಗಳ ಆಚೆ ಒಂದು ಮಂಚಿಕೆಯ ಮೇಲೆ ನಿಂತಿದ್ದ.

೧೮೩೨ರಲ್ಲಿ ಬೆಲ್ ತೀರಿಕೊಂಡಾಗ ಅವನ ಪದ್ಧತಿಯ ಶಾಲೆಗಳು ಸುಮಾರು ೧೨,೦೦೦ ಇದ್ದುವೆಂದು ಲೆಕ್ಕ. ಆತನನ್ನು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿ ಮಾಡಿದರು. ಲ್ಯಾಂಕಾಸ್ಟರ್ ಸಾಲಗಾರನಾಗಿ, ತಾನು ಕಟ್ಟಿದ ಸಂಸ್ಥೆಯಿಂದಲೇ ದೂರವಾಗಿ, ೧೮೩೮ರಲ್ಲಿ ನ್ಯೂಯಾರ್ಕಿನ ಬೀದಿಯಲ್ಲಿ ಕುದುರೆಗಾಡಿಗೆ ಸಿಕ್ಕಿ ಸತ್ತನು. ಅಷ್ಟರಲ್ಲಿಯೇ ಪದ್ಧತಿಯ ಬಣ್ಣವೂ ಬಯಲಾಗಿತ್ತು. ಮಕ್ಕಳು ಕೂಗಲು ಕಲಿತರೇ ಹೊರತು ತಿಳಿಯಲು ಕಲಿಯಲಿಲ್ಲ. ೧೮೪೬ರಿಂದ ಇಂಗ್ಲೆಂಡಿನಲ್ಲಿ ಹದಿಮೂರು ದಾಟಿದ ವಿದ್ಯಾರ್ಥಿಗಳನ್ನು ಐದು ವರ್ಷ ಉಪಾಧ್ಯಾಯರ ಕೈಕೆಳಗೆ ತರಬೇತಿಗೆ ಇಟ್ಟು, ಸಂಬಳ ಕೊಟ್ಟು, ಉಪಾಧ್ಯಾಯರನ್ನಾಗಿ ಮಾಡುವ ಕ್ರಮ ಬಂದಿತು. ಆಮೇಲಿನದು ಬೇರೆ ಚರಿತ್ರೆ.

ನಮ್ಮಲ್ಲಿ ಸರ್ಕಾರದ ಶಾಲೆಗಳು ಹಬ್ಬಿದಂತೆ ಕೂಲಿಮಠಗಳು ಮರೆಯಾದವು. ತರಗತಿಗೊಂದು ಕೋಣೆ ಬಂದು ಹಿರಿಯನಿಂದ ಕಿರಿಯ ಬೇರೆಯಾದನು. ಹಿರೇಮಣಿ ಎಲ್ಲಿ ಬದುಕಿಕೊಂಡನು ಎಂದರೆ ಉಚಿತ ಪ್ರಸಾದನಿಲಯಗಳಲ್ಲಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಧಾರವಾಡದ ಮುರುಘಾಮಠದಲ್ಲಿ ಪೂಜ್ಯ ಮೃತ್ಯುಂಜಯ ಅಪ್ಪಗಳವರು, ಸಿದ್ಧಗಂಗೆಯಲ್ಲಿ ಪೂಜ್ಯ ಉದ್ದಾನ ಶಿವಯೋಗಿಗಳವರು ಬಡಮಕ್ಕಳಿಗೆ ಅನ್ನವಿಟ್ಟು ಓದಿಸತೊಡಗಿದರು. ಇಂತಹ ನಿಲಯಗಳಲ್ಲಿ ರಾತ್ರಿಯ ಪಾಠಕ್ಕೆ ಬೇರೆ ಉಪಾಧ್ಯಾಯರನ್ನು ಇಡಲು ಹಣವೆಲ್ಲಿ? ಭಿಕ್ಷೆಯ ಜೋಳಿಗೆಯಿಂದ ನಡೆದ ದಾಸೋಹ ಅದು. ದೊಡ್ಡವನು ಚಿಕ್ಕವನಿಗೆ ಹೇಳಿಕೊಟ್ಟ. ಆ ಚಿಕ್ಕವನು ದೊಡ್ಡವನಾದ ಮೇಲೆ ಮತ್ತೊಬ್ಬನಿಗೆ ಹೇಳಿಕೊಟ್ಟ. ಇದನ್ನು ಯಾರೂ ಪದ್ಧತಿಯೆಂದು ಕರೆಯಲಿಲ್ಲ, ಅಚ್ಚು ಹಾಕಿಸಲಿಲ್ಲ. ಕಸ ಗುಡಿಸಿದಂತೆ, ನೀರು ಸೇದಿದಂತೆ ಇದೂ ಒಂದು ಕಾಯಕವಾಗಿತ್ತು.

ಇದೇ ಕೆಲಸ ದೂರದೂರುಗಳ ನಡುವೆ ನಡೆಯುವ ಕಾಲ ಈ ಶತಮಾನದಲ್ಲಿ ಬಂದಿತು. ೨೦೦೪ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿದ್ದ ಸಲ್ಮಾನ್ ಖಾನ್ ಎಂಬವರು ಬೇರೊಂದು ರಾಜ್ಯದಲ್ಲಿದ್ದ, ಸಂಬಂಧದಲ್ಲಿ ತಂಗಿಯಾಗುವ ಹುಡುಗಿಗೆ ದೂರವಾಣಿಯಲ್ಲಿ ಮಾತಾಡುತ್ತ, ಗಣಕಯಂತ್ರದ ಪರದೆಯ ಮೇಲೆ ಗೀಚುತ್ತ ಗಣಿತ ಹೇಳಿಕೊಟ್ಟರು. ಅದೇ ಬೆಳೆದು ಖಾನ್ ಅಕಾಡೆಮಿಯಾಯಿತು. ಆದರೆ ಅಲ್ಲಿ ಪಾಠಗಳು ಚಿತ್ರೀಕರಿಸಿಟ್ಟವು, ಕೇಳುವವನು ಒಂಟಿ. ಇದರ ಕೊರತೆ ಅವರಿಗೂ ಕಂಡಿರಬೇಕು. ೨೦೨೦ರಲ್ಲಿ, ಕೊರೋನಾ ವ್ಯಾಧಿಯಿಂದ ಶಾಲೆಗಳು ಮುಚ್ಚಿದಾಗ, ಅವರೇ ಸ್ಕೂಲ್‌ಹೌಸ್ ಎಂಬ ಇನ್ನೊಂದು ಸಂಸ್ಥೆಯನ್ನು ಆರಂಭಿಸಿ, ವಿದ್ಯಾರ್ಥಿಗಳು ಸಣ್ಣ ಗುಂಪುಗಳಲ್ಲಿ ವಿದ್ಯಾರ್ಥಿಗಳಿಗೆ ಉಚಿತವಾಗಿ ಕಲಿಸುವ ಏರ್ಪಾಡು ಮಾಡಿದರು. ಅಲ್ಲಿ ಕಲಿಸಬಯಸುವವನು ಮೊದಲು ಆ ವಿಷಯದಲ್ಲಿ ಪರೀಕ್ಷೆ ಕೊಡಬೇಕು; ಉತ್ತರ ಬಂದರೆ ಸಾಲದು, ಏಕೆ ಹಾಗೆಂದು ಬಾಯಿಬಿಟ್ಟು ವಿವರಿಸುವುದನ್ನೂ ದಾಖಲೆ ಮಾಡಿ ಒಪ್ಪಿಸಬೇಕು. ಐಗಳು ಹಿರೇಮಣಿಯನ್ನು ಆರಿಸುವ ಮುನ್ನ ಮಗ್ಗಿ ಕೇಳಿದಂತೆ.

ಅದೇ ವರ್ಷ ಇಟಲಿಯಲ್ಲಿ ನಡೆದ ಪ್ರಯತ್ನ ಇನ್ನೂ ಬೋಧಪ್ರದ. ಮಾರ್ಚ್ ತಿಂಗಳಲ್ಲಿ ಅಲ್ಲಿ ಶಾಲೆಗಳೆಲ್ಲ ಮುಚ್ಚಿದವು. ಮಿಶೆಲಾ ಕಾರ್ಲಾನಾ, ಎಲಿಯಾನಾ ಲಾ ಫೆರಾರಾ ಎಂಬ ಇಬ್ಬರು ವಿದುಷಿಯರು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಸ್ವಯಂಸೇವಕರನ್ನಾಗಿ ಕೂಡಿಸಿ, ೭೬ ಮಾಧ್ಯಮಿಕ ಶಾಲೆಗಳ ಹಿಂದುಳಿದ ಮಕ್ಕಳಿಗೆ ಅಂತರ್ಜಾಲದ ಮೂಲಕ ಪಾಠ ಹೇಳಿಸಿದರು. ಒಬ್ಬ ವಿದ್ಯಾರ್ಥಿಗೆ ಒಂದು ಮಗು. ವಾರಕ್ಕೆ ಮೂರರಿಂದ ಆರು ಗಂಟೆ. ಕಲಿಸುವವರಿಗೆ ಶಿಕ್ಷಣಶಾಸ್ತ್ರ ಬಲ್ಲವರಿಂದ ತರಬೇತಿ, ನಡುನಡುವೆ ಸಲಹೆ. ಅರ್ಜಿ ಹಾಕಿದ ಮಕ್ಕಳು ಸಾವಿರಕ್ಕೂ ಹೆಚ್ಚು, ಕಲಿಸುವವರು ಅದರರ್ಧ. ಆದುದರಿಂದ ಚೀಟಿ ಎತ್ತಿದಂತೆ ಅರ್ಧ ಮಕ್ಕಳನ್ನು ಆರಿಸಿ, ಉಳಿದವರೊಂದಿಗೆ ಹೋಲಿಸಿ ನೋಡುವುದು ಸಾಧ್ಯವಾಯಿತು. ಪಾಠ ಪಡೆದ ಮಕ್ಕಳ ಅಭ್ಯಾಸ ಸ್ಪಷ್ಟವಾಗಿ ಮೇಲಾಗಿತ್ತು. ಬಡಕುಟುಂಬಗಳ ಮಕ್ಕಳಲ್ಲಿ ಹೆಚ್ಚು. ಅವರ ಮನಸ್ಸಿನ ನೆಮ್ಮದಿಯೂ ಹೆಚ್ಚಿತ್ತು. ಅದರಲ್ಲಿಯೂ ಪರದೇಶದಿಂದ ವಲಸೆ ಬಂದ ಮನೆಗಳ ಮಕ್ಕಳಲ್ಲಿ. ಮನೆಯೊಳಗೆ ಮುಚ್ಚಿಕೊಂಡಿದ್ದ ಮಗುವಿಗೆ ದಿನ ಬಿಟ್ಟು ದಿನ ಒಬ್ಬ ಅಣ್ಣನೋ ಅಕ್ಕನೋ ಹೆಸರು ಹಿಡಿದು ಕರೆದರೆ ಅಷ್ಟು ಆಗುವುದು ಸೋಜಿಗವಲ್ಲ. ಕಲಿಸುವವನಿಗೂ ಲಾಭವೆಂಬ ಕ್ಯಾಂಬೆಲ್ಲನ ಮಾತನ್ನೂ ಹಿಂದೆಯೇ ತೂಗಿ ನೋಡಿದ್ದಾರೆ. ಶಾಲೆಗಳಲ್ಲಿ ಇಂತಹ ಪಾಠಗಳ ಮೇಲೆ ನಡೆದ ೬೫ ಅಧ್ಯಯನಗಳನ್ನು ೧೯೮೨ರಲ್ಲಿ ಅಮೆರಿಕದ ವಿದ್ವಾಂಸರು ಒಟ್ಟುಗೂಡಿಸಿ ನೋಡಿದಾಗ ಕಲಿಸಿದ ವಿದ್ಯಾರ್ಥಿಗಳೂ ಆ ವಿಷಯದಲ್ಲಿ ಮುಂದುವರಿದಿದ್ದರು.

ನಮ್ಮ ರಾಜ್ಯದಲ್ಲಿ ಆ ವರ್ಷ ಕಂಡದ್ದು ಬೇರೆ ದೃಶ್ಯ. ೨೦೨೦ರ ಆಗಸ್ಟಿನಲ್ಲಿ ವಿದ್ಯಾಗಮವೆಂಬ ಯೋಜನೆಯಡಿ ಸರ್ಕಾರಿ ಶಾಲೆಯ ಉಪಾಧ್ಯಾಯರೇ ಮಕ್ಕಳಿದ್ದಲ್ಲಿಗೆ ಹೋಗಿ ಗುಡಿಯ ಕಟ್ಟೆ, ಅರಳಿಮರಗಳ ಕೆಳಗೆ ಪಾಠ ಹೇಳಿದರು. ಮೊಬೈಲು ಇಲ್ಲದ ಮನೆ, ಬರಿಯ ಮಾತಿನ ಮೊಬೈಲು ಇರುವ ಮನೆ, ಅಂತರ್ಜಾಲವಿರುವ ಮನೆ ಎಂದು ಮಕ್ಕಳನ್ನು ವಿಂಗಡಿಸಬೇಕಾಯಿತು. ೧೮೨೩ರಲ್ಲಿ ಪಡಸಾಲೆಯ ಹೊರಗುಳಿದವರು ಹೆಣ್ಣುಮಕ್ಕಳು. ೨೦೨೦ರಲ್ಲಿ ಪರದೆಯ ಹೊರಗುಳಿದವರು ಮೊಬೈಲು ಇಲ್ಲದವರು. ಒಂದೇ ಮೊಬೈಲು ಇದ್ದ ಮನೆಯಲ್ಲಿ ಅಣ್ಣತಂಗಿಯರಿಬ್ಬರಿಗೂ ಪಾಠವಿದ್ದರೆ ಅದು ಯಾರ ಕೈಗೆ ಹೋಗುತ್ತಿತ್ತೆಂಬುದನ್ನು ನಾನು ಹೇಳಬೇಕಾಗಿಲ್ಲ.

ನಮ್ಮ ನಿಲಯದ ಸಂಜೆಯ ಪಾಠ ಆರಂಭವಾದದ್ದೂ ಆ ಕಾಲದಲ್ಲಿಯೇ. ಮಕ್ಕಳೆಲ್ಲ ಊರಿಗೆ ಹೋಗಿದ್ದರು. ಹಳೆಯ ವಿದ್ಯಾರ್ಥಿಗಳು ಕೆಲವರು ಗುಂಪಿಗೆ ನಾಲ್ವರಂತೆ ಹಂಚಿಕೊಂಡು ಕರೆಮಾಡಿ ಪಾಠ ಕೇಳುತ್ತಿದ್ದರು. ನಿಲಯ ಮತ್ತೆ ತೆರೆದ ಮೇಲೆ ಗಣಕಯಂತ್ರಗಳೂ ದೊಡ್ಡ ಪರದೆಯೂ ಬಂದವು. ಇಲ್ಲಿಯೇ ತಪ್ಪಾದದ್ದು, ತಪ್ಪು ನನ್ನದು. ಇಷ್ಟೊಂದು ಚಿಕ್ಕ ಗುಂಪುಗಳು ಏಕೆ, ಎಲ್ಲರನ್ನೂ ಒಂದೇ ಪರದೆಯ ಮುಂದೆ ಕೂರಿಸಿದರೆ ಒಬ್ಬಳೇ ಜಾಣೆ ಎಲ್ಲರಿಗೂ ಹೇಳಬಹುದಲ್ಲವೆ ಎಂದು ಸಮಿತಿಯಲ್ಲಿ ವಾದಿಸಿದವನು ನಾನೇ. ಲ್ಯಾಂಕಾಸ್ಟರನ ಕಥೆ ಓದಿದ್ದವನು! ಹಾಗೆಯೇ ಮಾಡಿದೆವು. ಪಾಠ ಸೊಗಸಾಗಿತ್ತು, ಹೇಳುವ ಹುಡುಗಿ ನಿಜಕ್ಕೂ ಜಾಣೆ. ಎರಡು ತಿಂಗಳ ಮೇಲೆ ಒಂದು ದಿನ ಆಕೆ ನನಗೆ ಕರೆಮಾಡಿ, "ಅಜ್ಜಾರ, ಯಾರೂ ಏನೂ ಕೇಳಂಗಿಲ್ರಿ. ತಿಳೀತೇನು ಅಂದ್ರ ಎಲ್ಲಾರೂ ಹೂಂ ಅಂತಾರ. ನನಗ ಯಾರ ಮುಖಾನೂ ಕಾಣಂಗಿಲ್ಲ" ಎಂದಳು. ಮರುವಾರ ಲೆಕ್ಕ ಕೊಟ್ಟು ನೋಡಿದರೆ, ಮೊದಲು ನಾಲ್ವರ ಗುಂಪಿನಲ್ಲಿ ಭಾಗಾಕಾರ ಮಾಡುತ್ತಿದ್ದ ಹುಡುಗರೇ ಈಗ ತಡವರಿಸುತ್ತಿದ್ದರು. ಅರ್ಥವಾಗಲಿಲ್ಲವೆಂದು ಎಲ್ಲರೆದುರಿಗೆ ಎದ್ದು ಹೇಳಲು ಅವರಿಗೆ ನಾಚಿಕೆ. ನಾಲ್ವರಲ್ಲಿ ಆ ನಾಚಿಕೆ ಇರಲಿಲ್ಲ.

ಮತ್ತೆ ಗುಂಪಿಗೆ ನಾಲ್ವರೆಂದು ನಿಶ್ಚಯಿಸಿದೆವು. ಕಲಿಸುವವರು ಸಾಲದೆ ಕೆಲವು ಗುಂಪುಗಳಿಗೆ ವಾರಕ್ಕೆ ಎರಡೇ ದಿನ ಪಾಠ, ಇರಲಿ ಎಂದೆವು. ಕಲಿಸುವವರು ಯಾರೂ ಒಬ್ಬೊಂಟಿ ಮಗುವಿನೊಡನೆ ಬೇರೆಯಾಗಿ ಮಾತಾಡತಕ್ಕದ್ದಲ್ಲ, ಪಾಠವೆಲ್ಲ ನಿಲಯದ ಸಭಾಂಗಣದಲ್ಲಿ ಎಲ್ಲರ ಕಣ್ಣೆದುರೇ ನಡೆಯಬೇಕು ಎಂದೂ ಮಾಡಿದೆವು. ಈ ನಿಯಮ ಕೆಲವು ತರುಣರಿಗೆ ಅಪನಂಬಿಕೆಯಂತೆ ತೋರಿತು. ಕೂಲಿಮಠದ ಐಗಳು ಹಿರೇಮಣಿಯನ್ನು ನಂಬಿದ್ದರು. ನಂಬಿಯೂ ಕಣ್ಣಿಟ್ಟಿದ್ದರು ಎಂದು ಅವರಿಗೆ ವಿವರಿಸಬೇಕಾಯಿತು.

ಕಣ್ಣಿಡುವ ಕೆಲಸಕ್ಕೆ ನಮ್ಮ ನಿಲಯದ ನಿವೃತ್ತ ಉಪಾಧ್ಯಾಯರೊಬ್ಬರು ಒಪ್ಪಿದ್ದಾರೆ. ಎಪ್ಪತ್ತು ದಾಟಿದ ವಯಸ್ಸು. ಸಂಜೆ ಏಳಕ್ಕೆ ಸರಿಯಾಗಿ ಬಂದು ಸಭಾಂಗಣದ ಹಿಂದಿನ ಗೋಡೆಗೆ ಒರಗಿ ಕುಳಿತುಕೊಳ್ಳುತ್ತಾರೆ. ಗಣಕಯಂತ್ರವನ್ನು ಅವರು ಮುಟ್ಟುವುದಿಲ್ಲ. ಕನ್ನಡಕ ಸರಿಮಾಡಿಕೊಂಡು ಒಂದು ಗುಂಪಿನಿಂದ ಇನ್ನೊಂದು ಗುಂಪಿನತ್ತ ನೋಡುತ್ತಿರುತ್ತಾರೆ. ಕಳೆದ ವಾರ ಮಳೆಗೆ ವಿದ್ಯುತ್ತು ಹೋಗಿ ಪರದೆಗಳೆಲ್ಲ ಕತ್ತಲಾದವು. ಮಕ್ಕಳು ಎದ್ದು ಓಡಾರೆಂದು ನಾನು ಬಾಗಿಲ ಬಳಿ ನಿಂತೆ. ಮೂಲೆಯ ಗುಂಪಿನ ಹುಡುಗಿಯೊಬ್ಬಳು ಪಾಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಉಳಿದ ಮೂವರಿಗೆ ಲೆಕ್ಕ ಮುಂದುವರಿಸಿದಳು. ಅವಳು ಒಂದು ಕಡೆ ತಪ್ಪಿದಳು; ಪಕ್ಕದವನು ತಿದ್ದಿದ. ಮೇಷ್ಟರು ನನ್ನತ್ತ ನೋಡಿ, ಸುಮ್ಮನೆ ಕೂಡ್ರಿ ಎಂದು ಕೈಸನ್ನೆ ಮಾಡಿದರು.